ನೀರು ಕುದಿಯುವ ಹೊತ್ತು ಮತ್ತು ಹೊಲದ ಗೊಬ್ಬರ

ಹೊಲಕ್ಕೆ ಸೇರತಕ್ಕ ಸಗಣಿಯು ಬೆರಣಿಯಾಗಿ ಒಲೆಯಲ್ಲಿ ಉರಿದರೆ ಅದರ ಸಾರಜನಕವು ಹೊಗೆಯೊಡನೆ ನಷ್ಟವಾಗಿ ಬೂದಿ ಮಾತ್ರ ಉಳಿಯುವುದು. ಆದುದರಿಂದ ಅಡುಗೆಗೂ ದನಗಳ ಹುರುಳಿ ಬೇಯಿಸುವುದಕ್ಕೂ ಇಟ್ಟ ನೀರು ಬೇಗ ಕುದಿಯುವಂತೆ ಮಾಡುವುದು ಬೇಸಾಯಕ್ಕೆ ಸಂಬಂಧಪಟ್ಟ ವಿಷಯವೇ ಆಗಿದೆ.

25 ಡಿಗ್ರಿ ಉಷ್ಣತೆಯುಳ್ಳ 1 ಲೀಟರ್ ನೀರನ್ನು 100 ಡಿಗ್ರಿಗೆ ಏರಿಸಲು ಸುಮಾರು 75 ಕಿಲೋಕ್ಯಾಲೊರಿ ಶಾಖ ಸಾಕು. ಅದೆಲ್ಲವೂ ಆವಿಯಾಗಲು ಮತ್ತೆ ಸುಮಾರು 540 ಬೇಕು. ಮುಚ್ಚಳವಿಲ್ಲದ ಪಾತ್ರೆಯಿಂದ ಏಳುವ ಆವಿಯು ಈ ಶಾಖವನ್ನು ಹೊತ್ತೊಯ್ಯುವುದರಿಂದಲೇ ಕುದಿ ತಡವಾಗುವುದು. ಹಸಿ ಸೌದೆಯ ಉರಿಯಾದರೋ ಸೌದೆಯೊಳಗಿನ ನೀರನ್ನು ಆವಿ ಮಾಡುವುದಕ್ಕೂ ಒಂದಷ್ಟು ವ್ಯಯವಾಗುವುದು. ಬೀಸುಗಾಳಿಯು ಉರಿಯನ್ನು ಪಾತ್ರೆಯ ತಳದಿಂದ ಆಚೆಗೆ ತಳ್ಳುವುದು.

ಸ್ಥಳದ ಎತ್ತರವೂ ಒಂದು ಕಾರಣ. ಕಡಲತೀರದ ಮಂಗಳೂರಿನಲ್ಲಿ ನೀರು ಸುಮಾರು 100 ಡಿಗ್ರಿಯಲ್ಲಿಯೂ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಯಲ್ಲಿಯೂ ಕುದಿಯುವುದು. ಎತ್ತರದ ಊರಿನಲ್ಲಿ ಕುದಿ ತುಸು ಬೇಗ ಬಂದರೂ ಕಾಳು ಬೇಯಲು ಹೆಚ್ಚು ಹೊತ್ತು ಹಿಡಿಯುವುದು. ಕುದಿ ಬಂದ ಮೇಲೆ ಉರಿ ಹೆಚ್ಚಿಸಿದರೆ ತೆರೆದ ಪಾತ್ರೆಯ ನೀರು ಮತ್ತಷ್ಟು ಬಿಸಿಯಾಗದು, ಆವಿಯಾಗಿ ಬತ್ತುವುದಷ್ಟೆ.

ಮುಚ್ಚಳ, ಒಣಸೌದೆ, ಒಲೆಗೆ ಗಾಳಿಯ ಮರೆ, ಕುದಿ ಬಂದೊಡನೆ ಉರಿ ತಗ್ಗಿಸುವುದು—ಇವುಗಳಿಗೆ ಹೆಚ್ಚಿನ ಖರ್ಚಿಲ್ಲ. ಊರಿನ ಮುಖಂಡರೂ ಭೂಮಾಲೀಕರೂ ತಮ್ಮ ಮನೆಗಳಲ್ಲಿ ಮೊದಲು ಆಚರಿಸಿ ತೋರಿಸಿದರೆ ಉಳಿದವರೂ ಅನುಸರಿಸುವರು. ಉಳಿತಾಯವಾದ ಸಗಣಿಯು ಗೊಬ್ಬರದ ಗುಂಡಿಯನ್ನು ಸೇರುವುದು.