ಹಚ್ಚೆಯ ಆರೈಕೆ ಮತ್ತು ವಿನ್ಯಾಸದ ನಕಲು (ತುಳುನಾಡು)

ಹಚ್ಚೆ ಎಂದರೆ ಸೂಜಿಯ ಮೊನೆಯಿಂದ ಚರ್ಮದ ಒಳಪದರಕ್ಕೆ ಬಣ್ಣವನ್ನು ಸೇರಿಸಿ ಮೂಡಿಸುವ, ಅಳಿಸಲು ಸುಲಭವಲ್ಲದ ಚಿತ್ರ ಅಥವಾ ಅಕ್ಷರ. ಹಾಕಿಸಿಕೊಂಡ ದಿನ ಅದು ಮುಖ್ಯವಾಗಿ ಒಂದು ಗಾಯ. ಗಾಯ ಮಾಯ್ದ ಬಳಿಕ ಉಳಿಯುವುದೇ ನಿಜವಾದ ಚಿತ್ರ. ಈ ಲೇಖನವು ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಪರಿಸರವನ್ನು ಗಮನದಲ್ಲಿಟ್ಟುಕೊಂಡು, ಹಚ್ಚೆಯ ಗಾಯ ಮಾಯುವ ಬಗೆಯನ್ನೂ ಒಬ್ಬರ ವಿನ್ಯಾಸವನ್ನು ಇನ್ನೊಬ್ಬರು ನಕಲು ಮಾಡುವುದರಲ್ಲಿ ಅಡಗಿರುವ ನೈತಿಕ ಪ್ರಶ್ನೆಗಳನ್ನೂ ವಿವರಿಸುತ್ತದೆ.

ಹೆಸರು ಮತ್ತು ಹಿನ್ನೆಲೆ

'ಹಚ್ಚೆ' ಎಂಬ ಪದ ಹಸಿರು ಎಂಬರ್ಥದ 'ಪಚ್ಚೆ'ಯಿಂದ ಬಂದಿದೆ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುವುದು ಸಾಮಾನ್ಯ ನಿಯಮ. ತುಳುವಿನಲ್ಲಿ ಹಸಿರಿಗೆ ಇಂದಿಗೂ ಪಚ್ಚೆ ಎಂದೇ ಹೇಳುತ್ತಾರೆ. ತಮಿಳಿನಲ್ಲಿ ಹಚ್ಚೆ ಹಾಕುವುದಕ್ಕೆ 'ಪಚ್ಚೈ ಕುತ್ತುದಲ್' ಎಂಬ ಹೆಸರಿದೆ. ದೀಪದ ಮಸಿಯ ಕಪ್ಪು ಚರ್ಮದಡಿ ಸೇರಿದಾಗ ಹೊರಗಣ್ಣಿಗೆ ನೀಲಿ ಬೆರೆತ ಹಸಿರಾಗಿ ಕಾಣುತ್ತದೆ ಎಂಬುದನ್ನು ಈ ಹೆಸರೇ ಸೂಚಿಸುತ್ತದೆ.

ಕರ್ನಾಟಕದಲ್ಲಿ ಹಚ್ಚೆ ಹುಯ್ಯುವ ಕಸುಬು ಬಹುಕಾಲ ಊರೂರು ತಿರುಗುತ್ತಿದ್ದ ಕೊರವ, ಕೊರಚ ಸಮುದಾಯಗಳ ಹೆಂಗಸರ ಕೈಯಲ್ಲಿತ್ತು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ, ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳನ್ನು ಕುರಿತ ಏಳು ಸಂಪುಟಗಳ ಗ್ರಂಥದಲ್ಲಿ ಇದರ ದಾಖಲೆಯಿದೆ. ಚೇಳು, ತೊಟ್ಟಿಲು, ತುಳಸಿಕಟ್ಟೆ, ರಂಗೋಲಿಯ ಚುಕ್ಕೆಗಳು, ಮನೆಯವರ ಹೆಸರು ಇವೇ ಹೆಚ್ಚಾಗಿ ಕಾಣುತ್ತಿದ್ದ ವಿನ್ಯಾಸಗಳು. ಅಜ್ಜಿಯ ಮೊಣಕೈಯಲ್ಲಿದ್ದ ಚೇಳೇ ಮೊಮ್ಮಗಳ ಮೊಣಕೈಗೂ ಬರುತ್ತಿತ್ತು. ನಕಲು ಎಂಬ ಮಾತೇ ಅಲ್ಲಿ ಹುಟ್ಟುತ್ತಿರಲಿಲ್ಲ, ಏಕೆಂದರೆ ಆ ಚೇಳು ಯಾರೊಬ್ಬರದೂ ಆಗಿರಲಿಲ್ಲ.

ಚರ್ಮದೊಳಗೆ ನಡೆಯುವುದು

ಚರ್ಮದ ಹೊರಪದರ ಸುಮಾರು ಒಂದು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಬಣ್ಣ ಅಲ್ಲಿಯೇ ನಿಂತರೆ ಉದುರಿಹೋಗುತ್ತದೆ. ಆದ್ದರಿಂದ ಸೂಜಿಯು 1ರಿಂದ 2 ಮಿಲಿಮೀಟರ್ ಆಳಕ್ಕಿಳಿದು ಒಳಪದರವನ್ನು ಮುಟ್ಟಬೇಕು. ಅಲ್ಲಿಗೆ ಬಂದ ಬಣ್ಣದ ಕಣಗಳನ್ನು ದೇಹವು ಪರಕೀಯ ವಸ್ತುಗಳೆಂದು ತಿಳಿದು ಭಕ್ಷಕ ಕೋಶಗಳ ಮೂಲಕ ನುಂಗಿಸುತ್ತದೆ. ಕೋಶಗಳು ಬಣ್ಣವನ್ನು ನುಂಗುತ್ತವೆ, ಆದರೆ ಜೀರ್ಣಿಸಿಕೊಳ್ಳಲಾರವು. 2018ರಲ್ಲಿ ಫ್ರಾನ್ಸಿನ ಮಾರ್ಸೆಯ ಸಂಶೋಧಕರು ಇಲಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಈ ಕೋಶಗಳು ಸತ್ತಾಗ ಬಿಡುಗಡೆಯಾಗುವ ಬಣ್ಣವನ್ನು ಹೊಸದಾಗಿ ಬಂದ ಕೋಶಗಳು ಅದೇ ಜಾಗದಲ್ಲಿ ಮತ್ತೆ ನುಂಗುತ್ತವೆ ಎಂದು ತೋರಿಸಿಕೊಟ್ಟರು. ಹಚ್ಚೆ ಅಳಿಯದಿರುವುದಕ್ಕೆ ಕಾರಣ ಈ ಎಡೆಬಿಡದ ಕೈಬದಲಾವಣೆ. ಸ್ವಲ್ಪ ಬಣ್ಣ ದುಗ್ಧಗ್ರಂಥಿಗಳಿಗೂ ಹೋಗಿ ಸೇರುತ್ತದೆ.

ಮೊದಲ ಎರಡು ಮೂರು ದಿನ ಗಾಯದಿಂದ ತೆಳುವಾದ ರಸವೂ ಸ್ವಲ್ಪ ಬಣ್ಣವೂ ಒಸರುತ್ತವೆ. ಸುತ್ತ ಕೆಂಪಾಗಿ ಬಿಸಿಯಾಗಿರುತ್ತದೆ. ನಾಲ್ಕನೆಯ ದಿನದಿಂದ ಎರಡು ವಾರಗಳವರೆಗೆ ತುರಿಕೆಯೂ ಸಿಪ್ಪೆಯೇಳುವುದೂ ಸಹಜ. ಹೊರಗಿನ ಗಾಯ ಎರಡರಿಂದ ನಾಲ್ಕು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಒಳಗೆ ಪೂರ್ತಿ ಮಾಯಲು ಎರಡು ಮೂರು ತಿಂಗಳು ಬೇಕು.

ಕರಾವಳಿಯ ಹವೆಯಲ್ಲಿ ಆರೈಕೆ

ಹಚ್ಚೆಯ ಆರೈಕೆಯ ಸೂಚನೆಗಳು ಬಹುಪಾಲು ತಂಪು ದೇಶಗಳಿಂದ ಬಂದವು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ, ಬೇಸಗೆಯಲ್ಲಿ ಬೆವರು ಆರದ ಈ ಭಾಗದಲ್ಲಿ ಅವುಗಳನ್ನು ಯೋಚಿಸಿ ಅನ್ವಯಿಸಬೇಕಾಗುತ್ತದೆ. ಗಾಯವನ್ನು ದಿನಕ್ಕೆ ಎರಡು ಮೂರು ಬಾರಿ ಸೌಮ್ಯವಾದ ಸಾಬೂನು ಮತ್ತು ಕುದಿಸಿ ಆರಿಸಿದ ನೀರಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ, ಸುಗಂಧವಿಲ್ಲದ ಮುಲಾಮನ್ನು ಬಹಳ ತೆಳ್ಳಗೆ ಸವರಬೇಕು. ದಪ್ಪಗೆ ಮೆತ್ತಿದರೆ ಸೆಕೆಯಲ್ಲಿ ಗಾಯ ನೆನೆದು ಕೊಳೆಯುತ್ತದೆ. ಸಡಿಲವಾದ ಹತ್ತಿಯ ಬಟ್ಟೆ ಒಳ್ಳೆಯದು. ಸಿಪ್ಪೆಯನ್ನು ಕೀಳಬಾರದು, ಕಿತ್ತರೆ ಅದರೊಂದಿಗೆ ಬಣ್ಣವೂ ಹೋಗಿ ಗೆರೆ ತುಂಡಾಗುತ್ತದೆ.

ಮನೆಮದ್ದಿನ ವಿಷಯದಲ್ಲಿ ಎಚ್ಚರ ಅಗತ್ಯ. ಹಿಂದೆ ಹಚ್ಚೆ ಹುಯ್ದ ಮೇಲೆ ಅರಸಿನ ಹಚ್ಚುತ್ತಿದ್ದರು. ಅರಸಿನಕ್ಕೆ ಕೆಲವು ರೋಗಾಣುಗಳನ್ನು ತಡೆಯುವ ಗುಣವಿರುವುದು ನಿಜ. ಆದರೆ ಅಡುಗೆಮನೆಯ ಡಬ್ಬಿಯ ಪುಡಿ ರೋಗಾಣುಮುಕ್ತವಲ್ಲ. ಗಾಯಕ್ಕೆ ಕಾಫಿಪುಡಿ ಒತ್ತುವ ರೂಢಿಯಂತೂ ಇಲ್ಲಿ ಸಲ್ಲದು.

ಈ ಮೂರು ತಾಲೂಕುಗಳ ಜೀವನಕ್ರಮದಲ್ಲಿ ಗಾಯಕ್ಕೆ ಅಪಾಯ ಒಡ್ಡುವ ಸಂದರ್ಭಗಳು ಹಲವು. ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಬಿಡುವವರ ಮೈಮೇಲೆ ಮೈಲುತುತ್ತು ಮತ್ತು ಸುಣ್ಣದ ಹನಿಗಳು ಬೀಳುತ್ತವೆ. ನೇತ್ರಾವತಿಯ ಸ್ನಾನ, ಊರ ಕೆರೆಯ ಈಜು ಇವುಗಳಿಂದ ಕನಿಷ್ಠ ನಾಲ್ಕು ವಾರ ದೂರವಿರಬೇಕು. ನವೆಂಬರಿನಿಂದ ಬೇಸಗೆಯವರೆಗೆ ನಡೆಯುವ ಮೂಡುಬಿದಿರೆ, ವೇಣೂರು ಮೊದಲಾದ ಕಂಬಳಗಳ ಕೆಸರಿಗೆ ಹಸಿ ಹಚ್ಚೆಯೊಂದಿಗೆ ಇಳಿಯಬಾರದು. ದಕ್ಷಿಣ ಕನ್ನಡದಲ್ಲಿ ಆಗಾಗ ಕಾಣಿಸಿಕೊಳ್ಳುವ ಇಲಿಜ್ವರದ ರೋಗಾಣು ಕೆಸರು ನೀರಿನಿಂದ ಬಿರಿದ ಚರ್ಮದ ಮೂಲಕವೇ ದೇಹವನ್ನು ಪ್ರವೇಶಿಸುತ್ತದೆ. ಹಚ್ಚೆ ಹಾಕಿಸಿಕೊಂಡ ಬಳಿಕ ಜ್ವರ ಬಂದರೆ, ಕೆಂಪು ಹರಡುತ್ತ ಹೋದರೆ, ಕೀವು ಅಥವಾ ಕೆಂಪು ಗೆರೆಗಳು ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಹಚ್ಚೆಯ ಸಂಗತಿಯನ್ನು ಸಂಕೋಚದಿಂದ ಮುಚ್ಚಿಡಬಾರದು.

ಜಾತ್ರೆಯ ಬಯಲಿನಲ್ಲಿ ಸಣ್ಣ ಯಂತ್ರವಿಟ್ಟುಕೊಂಡು ಹಚ್ಚೆ ಹಾಕುವಲ್ಲಿ ಪ್ರತಿಯೊಬ್ಬರಿಗೂ ಹೊಸ ಸೂಜಿ, ಹೊಸ ಬಣ್ಣದ ಬಟ್ಟಲು ಬಳಸಲಾಗುತ್ತಿದೆಯೇ ಎಂಬುದನ್ನು ನೋಡದೆ ಕೈ ಚಾಚಬಾರದು. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಸೋಂಕುಗಳು ಬಳಸಿದ ಸೂಜಿಯಿಂದ ಹರಡಬಲ್ಲವು. ಬಣ್ಣ ತೆಳುವಾಗಲೆಂದು ಬಾವಿ ಅಥವಾ ನಳದ ನೀರು ಬೆರೆಸಿದರೆ ವಾರಗಳ ನಂತರ ಗಂಟುಗಳೇಳುವ ಸೋಂಕು ಬರಬಹುದು. ಹಚ್ಚೆ ಹಾಕಿಸಿಕೊಂಡವರಿಂದ 12 ತಿಂಗಳು ರಕ್ತದಾನ ಸ್ವೀಕರಿಸಬಾರದೆಂದು ಭಾರತದ ಮಾರ್ಗಸೂಚಿ ಹೇಳುವುದಕ್ಕೆ ಇಂಥ ಸೋಂಕುಗಳ ಭಯವೇ ಕಾರಣ.

ಬಣ್ಣದ ಬಗ್ಗೆಯೂ ಒಂದು ಮಾತು. ಯಕ್ಷಗಾನದ ಚೌಕಿಯಲ್ಲಿ ಹಿಂದೆ ಕೆಂಪಿಗೆ ಇಂಗಳೀಕ, ಹಳದಿಗೆ ಅರದಾಳ ಬಳಸುತ್ತಿದ್ದರು. ಇಂಗಳೀಕ ಪಾದರಸದ ಸಂಯುಕ್ತ, ಅರದಾಳ ಆರ್ಸೆನಿಕ್‌ನ ಸಂಯುಕ್ತ. ಮುಖದ ಮೇಲೆ ಬಳಿದು ರಾತ್ರಿ ಕಳೆದ ಮೇಲೆ ತೊಳೆಯುವ ಬಣ್ಣವೇ ಬೇರೆ, ಚರ್ಮದೊಳಗೆ ಜೀವಮಾನವಿಡೀ ಉಳಿಯುವ ಬಣ್ಣವೇ ಬೇರೆ. ಇಂಗಳೀಕದ ಹಚ್ಚೆಗಳು ಉಂಟುಮಾಡಿದ ಅಲರ್ಜಿ ವೈದ್ಯಶಾಸ್ತ್ರದಲ್ಲಿ ಹಳೆಯ ವಿಷಯ.

ಹಸಿ ಹಚ್ಚೆಯ ಚಿತ್ರದಿಂದ ನಕಲು

ಆರೈಕೆ ಮತ್ತು ನಕಲು ಒಂದೆಡೆ ಸಂಧಿಸುತ್ತವೆ. ಮೊಬೈಲಿನಲ್ಲಿ ತೋರಿಸಿ 'ಹೀಗೆಯೇ ಬೇಕು' ಎಂದು ಕೇಳುವ ಚಿತ್ರಗಳು ಬಹುಮಟ್ಟಿಗೆ ಹಚ್ಚೆ ಮುಗಿದ ಕ್ಷಣದಲ್ಲಿ ತೆಗೆದವು. ಆಗ ಗೆರೆ ಕೂದಲಿನಷ್ಟು ತೆಳು, ಕಪ್ಪು ದಟ್ಟ. ಗಾಯ ಮಾಯ್ದಂತೆ ಬಣ್ಣ ಸ್ವಲ್ಪ ಹರಡುತ್ತದೆ, ತಿಳಿಯಾಗುತ್ತದೆ. ಒತ್ತೊತ್ತಾದ ಗೆರೆಗಳು ವರ್ಷಗಳಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬಿಳಿ ಚರ್ಮದ ಮೇಲೆ ಎದ್ದು ಕಾಣುವ ಹಳದಿ, ತಿಳಿನೀಲಿ ಬಣ್ಣಗಳು ಕಂದು ಚರ್ಮದ ಮೇಲೆ ಮಂಕಾಗುತ್ತವೆ. ಮೂಲ ಕಲಾವಿದರು ಒಬ್ಬರ ತೋಳಿನ ಅಳತೆ, ಬಾಗು, ಬಣ್ಣ ನೋಡಿ ಬರೆದದ್ದನ್ನು ಇನ್ನೊಬ್ಬರ ಮಣಿಕಟ್ಟಿಗೆ ಕುಗ್ಗಿಸಿದರೆ ಉಳಿಯುವುದು ಮಸಿಯ ಕಲೆ. ಆದುದರಿಂದ ಮಾಯ್ದ ಹಚ್ಚೆಗಳ ಚಿತ್ರ ತೋರಿಸುವಂತೆ ಕೇಳುವುದು ಉತ್ತಮ.

ಕಲ್ಕುಡನ ಕಥೆ

ಒಂದೇ ಮಾದರಿಯನ್ನು ಮತ್ತೆ ಮಾಡಬಹುದೇ ಎಂಬ ಪ್ರಶ್ನೆ ತುಳುನಾಡಿಗೆ ಹೊಸತಲ್ಲ. ಕಲ್ಕುಡ ಕಲ್ಲುರ್ಟಿ ಪಾಡ್ದನದ ಪ್ರಕಾರ, ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡ ಅಂಥದನ್ನು ಬೇರೆಲ್ಲೂ ಮಾಡಬಾರದೆಂದು ಅರಸನು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದನು. ಕಲ್ಕುಡನು ಉಳಿದ ಒಂದು ಕೈಯಿಂದ ವೇಣೂರಿನಲ್ಲಿ ಇನ್ನೊಂದು ಗೊಮ್ಮಟನನ್ನು ಕಡೆದನು. ಮುಂದೆ ಅವನೂ ತಂಗಿ ಕಲ್ಲುರ್ಟಿಯೂ ದೈವಗಳಾದರು. ಬಂಟ್ವಾಳ ತಾಲೂಕಿನ ಪಣೋಲಿಬೈಲು ಕಲ್ಲುರ್ಟಿಯ ಪ್ರಸಿದ್ಧ ನೆಲೆ. ಇತಿಹಾಸದ ಲೆಕ್ಕದಲ್ಲಿ ಕಾರ್ಕಳದ ಮೂರ್ತಿ 1432ರದು, ಬೆಳ್ತಂಗಡಿ ತಾಲೂಕಿನ ವೇಣೂರಿನದು 1604ರದು. ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರಲಾರ. ಆದರೆ ಕಥೆಯ ಒಲವು ಸ್ಪಷ್ಟ: ಹಣ ಕೊಟ್ಟು ಮಾಡಿಸಿದವನಿಗೆ ಕೃತಿ ಸಲ್ಲುತ್ತದೆ, ಕೈಯ ವಿದ್ಯೆ ಸಲ್ಲುವುದಿಲ್ಲ. ತನ್ನ ಶೈಲಿಯನ್ನು ತಾನೇ ಮತ್ತೆ ಬಳಸುವ ಕಲಾವಿದನನ್ನು ನಕಲುಗಾರ ಎನ್ನಲಾಗದು.

ಕಾನೂನು

ಭಾರತದ ಹಕ್ಕುಸ್ವಾಮ್ಯ ಕಾಯಿದೆ 1957ರಲ್ಲಿ ಹಚ್ಚೆಯ ಹೆಸರಿಲ್ಲ. ಆದರೆ ರೇಖಾಚಿತ್ರವು, ಕಲಾಗುಣ ಇರಲಿ ಬಿಡಲಿ, ಕಲಾಕೃತಿಯೇ ಆಗಿದೆ. ಕಾಗದದ ಮೇಲೆ ಸ್ವಂತವಾಗಿ ಬರೆದ ಹಚ್ಚೆಯ ವಿನ್ಯಾಸಕ್ಕೆ ನೋಂದಣಿ ಇಲ್ಲದಿದ್ದರೂ ರಕ್ಷಣೆಯುಂಟು. ಅದರ ಅವಧಿ ಕರ್ತೃವಿನ ಜೀವಿತಕಾಲ ಮತ್ತು ನಂತರದ 60 ವರ್ಷ. ಹಣ ಕೊಟ್ಟು ಬರೆಸಿದ ವರ್ಣಚಿತ್ರ ಅಥವಾ ಭಾವಚಿತ್ರದ ಮೊದಲ ಒಡೆತನ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದು ಎಂದು 17ನೆಯ ಕಲಂ ಹೇಳುವುದರಿಂದ ತೋಳಿನ ಮೇಲಿನ ಹಚ್ಚೆಯ ಒಡೆಯರು ಯಾರು ಎಂಬುದು ವಾದಕ್ಕೆ ಎಡೆಯಿರುವ ಪ್ರಶ್ನೆ. ಕಲ್ಪನೆಗೆ ಹಕ್ಕುಸ್ವಾಮ್ಯವಿಲ್ಲ, ಅದರ ಅಭಿವ್ಯಕ್ತಿಗೆ ಮಾತ್ರ ಎಂದು ಸರ್ವೋಚ್ಚ ನ್ಯಾಯಾಲಯವು 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ತೀರ್ಮಾನಿಸಿದೆ. ಹುಲಿಯ ಹಚ್ಚೆ ಯಾರೂ ಹಾಕಿಸಿಕೊಳ್ಳಬಹುದು. ಒಬ್ಬ ಕಲಾವಿದ ಬರೆದ ನಿರ್ದಿಷ್ಟ ಹುಲಿಯನ್ನು ಗೆರೆಗೆ ಗೆರೆ ಎತ್ತಿಕೊಳ್ಳುವುದು ಬೇರೆ. ಅಮೆರಿಕದಲ್ಲಿ ಮುಷ್ಟಿಕಾಳಗದ ಮೈಕ್ ಟೈಸನ್ ಅವರ ಮುಖದ ಹಚ್ಚೆಯನ್ನು ಚಲನಚಿತ್ರವೊಂದರಲ್ಲಿ ಇನ್ನೊಬ್ಬ ನಟನಿಗೆ ಬಳಸಿದಾಗ ಹಚ್ಚೆಯ ಕಲಾವಿದ 2011ರಲ್ಲಿ ಮೊಕದ್ದಮೆ ಹೂಡಿದರು. ಅದು ರಾಜಿಯಲ್ಲಿ ಮುಗಿಯಿತು.

ಹಳೆಯ ಶಿಲ್ಪಗಳಿಗೆ ಈ ತೊಡಕಿಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ (1430) ಕಂಬಗಳಲ್ಲಿನ ಹೆಣೆದ ಗಂಟುಗಳು, ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಹೆಂಗಳೆಯರು ಕೂಡಿ ಆನೆಯಾಗುವ ನವನಾರಿ ಕುಂಜರ, ಐವರು ಕೂಡಿ ಕುದುರೆಯಾಗುವ ಪಂಚನಾರಿ ತುರಗ ಇವು ಹಚ್ಚೆಗೆ ಒಗ್ಗುವ ವಿನ್ಯಾಸಗಳು, ಎಲ್ಲರವೂ ಹೌದು. ದೂರದೇಶದ ಚಿತ್ರ ಹುಡುಕುವವರು ಇತ್ತ ಕಣ್ಣು ಹಾಯಿಸದಿರುವುದು ವಿಚಿತ್ರ.

ದೈವದ ರೂಪಗಳು

ಕಾನೂನು ಮುಟ್ಟದ ಇನ್ನೊಂದು ಕ್ಷೇತ್ರವಿದೆ. ಪಂಜುರ್ಲಿ, ಜುಮಾದಿ ಮುಂತಾದ ದೈವಗಳ ಮುಖವರ್ಣಿಕೆ ಮತ್ತು ಅಣಿ ನಲಿಕೆ, ಪರವ, ಪಂಬದ ಸಮುದಾಯಗಳು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ವಿದ್ಯೆ. ನೇಮದ ರಾತ್ರಿ, ವ್ರತದಲ್ಲಿದ್ದವರ ಮುಖದ ಮೇಲೆ ಮಾತ್ರ ಅದಕ್ಕೆ ಅರ್ಥ. 2022ರ 'ಕಾಂತಾರ' ಚಲನಚಿತ್ರದ ನಂತರ ಈ ರೂಪಗಳು ದೇಶವಿಡೀ ಪರಿಚಿತವಾದವು. ಇವುಗಳಿಗೆ ಹಕ್ಕುಸ್ವಾಮ್ಯದ ಒಡೆಯರಿಲ್ಲ ಎಂದ ಮಾತ್ರಕ್ಕೆ ಕೇಳಬೇಕಾದವರೇ ಇಲ್ಲ ಎಂದಾಗುವುದಿಲ್ಲ. ನ್ಯೂಜಿಲೆಂಡಿನ ಮಾವೊರಿ ಜನರು ವಂಶಾವಳಿಯನ್ನು ಸಾರುವ 'ಮೊಕೊ'ವನ್ನು ತಮ್ಮವರಿಗೆ ಉಳಿಸಿಕೊಂಡು, ಹೊರಗಿನವರಿಗೆ 'ಕಿರಿತುಹಿ' ಎಂಬ ಬೇರೆ ಬಗೆಯ ಹಚ್ಚೆಯನ್ನು ಹಾಕುತ್ತಾರೆ. ತುಳುನಾಡಿನಲ್ಲಿ ಅಂಥ ವಿಂಗಡಣೆ ರೂಪುಗೊಂಡಿಲ್ಲ.

ಎಲ್ಲಿ ಹಾಕಿಸಿಕೊಳ್ಳುವುದು ಎಂಬುದೂ ಇಲ್ಲಿ ಮುಖ್ಯ. 2015ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಆಸ್ಟ್ರೇಲಿಯಾದ ಯುವಕರೊಬ್ಬರ ಮೊಣಕಾಲ ಕೆಳಗಿದ್ದ ಯಲ್ಲಮ್ಮ ದೇವಿಯ ಹಚ್ಚೆಗೆ ಕೆಲವರು ಆಕ್ಷೇಪವೆತ್ತಿ ಮುತ್ತಿಗೆ ಹಾಕಿದರು. ವಿಷಯ ಪೊಲೀಸ್ ಠಾಣೆಗೆ ಹೋಗಿ ಅವರು ಕ್ಷಮಾಪಣೆ ಬರೆದುಕೊಡಬೇಕಾಯಿತು. ಬೆದರಿಸಿದವರ ನಡೆ ಒಪ್ಪತಕ್ಕದ್ದಲ್ಲ. ಆದರೆ ದೇವರ ಚಿತ್ರವನ್ನು ಸೊಂಟದ ಕೆಳಗೆ ಧರಿಸಬಾರದೆಂಬ ಭಾವನೆ ನಾಡಿನಲ್ಲಿ ವ್ಯಾಪಕವಾಗಿದೆ ಎಂಬುದನ್ನು ಸೂಜಿ ಹಿಡಿಯುವ ಮುನ್ನವೇ ಹೇಳಬೇಕಾದವರು ಹಚ್ಚೆ ಹಾಕುವ ಕಲಾವಿದರೇ.