ಗಂಟಿನೊಳಗಿನ ಬಿಳುಪು

ಹೂವಿನಹಡಗಲಿಯ ಕಡೆ ಮನೆಯ ಕಟ್ಟೆಯ ಮೇಲೆ ಕುಳಿತು ಮಲ್ಲಿಗೆ ಕಟ್ಟುವ ಹೆಂಗಸರ ಬೆರಳುಗಳನ್ನು ನೋಡಿದವರಿಗೆ ಒಂದು ಸಂಗತಿ ಹೊಳೆಯದಿರದು. ಗಂಟು ಸಡಿಲಾದರೆ ಮೊಗ್ಗು ಉದುರುತ್ತದೆ; ಬಿಗಿ ಮಿತಿಮೀರಿದರೆ ತೊಟ್ಟು ಕತ್ತರಿಸುತ್ತದೆ. ಇವೆರಡರ ನಡುವಣ ಹದವನ್ನು ಪುಸ್ತಕ ಕಲಿಸಲಾರದು. ಬಟ್ಟೆಗೆ ಗಂಟುಕಟ್ಟಿ ಬಣ್ಣವಿಕ್ಕುವ ಕಲೆಯ ಮರ್ಮವೂ ಇಂಥ ಹದದಲ್ಲಿಯೇ ಇದೆಯೆಂಬುದು ನನಗೆ ತಿಳಿದದ್ದು ತೀರ ಈಚೆಗೆ.

ಕಲೆಯೇನೋ ಪುರಾತನವಾದುದು. ಏಳನೆಯ ಶತಮಾನದ ಬಾಣಕವಿ ‘ಹರ್ಷಚರಿತ’ದಲ್ಲಿ ರಾಜ್ಯಶ್ರೀಯ ವಿವಾಹಸಂಭ್ರಮವನ್ನು ಬಣ್ಣಿಸುವಾಗ, ಚಿತ್ತಾರಕ್ಕೆಂದು ಬಟ್ಟೆ ಕಟ್ಟುವುದರಲ್ಲಿ ನುರಿತ ಹಿರಿಯ ಗೃಹಿಣಿಯರನ್ನು ಮರೆಯುವುದಿಲ್ಲ. ಕಚ್ಛ, ಜಾಮನಗರ, ರಾಜಸ್ಥಾನಗಳಲ್ಲಿ ಇದು ಬಾಂಧನಿ; ಮಧುರೆಯ ಸೌರಾಷ್ಟ್ರಿಗರಲ್ಲಿ ಸುಂಗುಡಿ; ಜಪಾನಿನಲ್ಲಿ ಶಿಬೋರಿ. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ನಮ್ಮ ಕೂಡ್ಲಿಗಿ, ಹರಪನಹಳ್ಳಿ ಸೀಮೆಯ ತಾಂಡಾಗಳಲ್ಲಿ ಲಂಬಾಣಿಯರ ಕಸೂತಿಯುಂಟು. ಅದು ಸೂಜಿ-ಕನ್ನಡಿಗಳ ಕೆಲಸ. ಗಂಟಿನ ಕಲೆ ಇಲ್ಲಿಗೆ ಅತಿಥಿ. ಆದರೆ ಆ ಅತಿಥಿಗೆ ಬೇಕಾದ ಬೆರಳುಗಳು ಇಲ್ಲಿಯೇ ಇದ್ದವು.

ಕಾಲೇಜಿನ ವಾರ್ಷಿಕೋತ್ಸವದ ಕೋಲಾಟಕ್ಕೆ ಚುಕ್ಕೆಯ ಅಂಗಿಗಳು ಬೇಕಾದವು. ಹತ್ತಿಯ ಬಿಳಿ ಅಂಗಿಗಳನ್ನೇ ಆರಿಸಿದೆವು. ಪಾಲಿಯೆಸ್ಟರಿಗೆ ಈ ಬಣ್ಣ ಹತ್ತುವುದಿಲ್ಲ. ಹೊಸ ಬಟ್ಟೆಯ ಗಂಜಿ ಉಳಿದೆಡೆ ಬಣ್ಣ ಸಮನಾಗಿ ಇಳಿಯದಾದ್ದರಿಂದ, ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಚೆನ್ನಾಗಿ ಒಗೆದೆವು. ಎಡಬಲಗಳಲ್ಲಿ ಒಂದೇ ಚಿತ್ತಾರ ಮೂಡಲೆಂದು ಅಂಗಿಯನ್ನು ನಡುವೆ ಉದ್ದಕ್ಕೆ ಮಡಿಚಿ, ತೋಳಿನ ಮೇಲೆ ತೋಳಿಟ್ಟು, ಪೆನ್ಸಿಲಿನಿಂದ ಚುಕ್ಕೆಗಳನ್ನು ಗುರುತಿಸಿದೆವು. ಪ್ರತಿ ಚುಕ್ಕೆಯ ಕೆಳಗೆ ಒಂದು ಕಡಲೆಕಾಳು. ಅದರ ಬುಡಕ್ಕೆ ಬಿಗಿಯಾಗಿ ಆರೇಳು ಸುತ್ತು ನೂಲು. ಕೊರಳಪಟ್ಟಿ, ಗುಂಡಿಪಟ್ಟಿಗಳನ್ನು ಬಿಟ್ಟೆವು. ಪದರ ದಪ್ಪವಿದ್ದೆಡೆ ಗಂಟು ನಿಲ್ಲದು.

ನಾನೂ ಒಂದು ಅಂಗಿ ಕಟ್ಟಿದೆ. ಇನ್ನೊಂದನ್ನು ಕಟ್ಟಿದವಳು ಹಡಗಲಿ ಕಡೆಯ ಒಬ್ಬ ವಿದ್ಯಾರ್ಥಿನಿ. ಹಿಂದಿನ ಬೆಂಚಿನಲ್ಲಿ ಬಾಯಿಬಿಡದೆ ಕೂರುವವಳು. ಕಂದಪದ್ಯಕ್ಕೆ ಗಣ ವಿಭಾಗಿಸಲಾರದೆ, ಎಲ್ಲರೆದುರಿಗೆ ನನ್ನಿಂದ ‘ಕೈಲಾಗದವಳು’ ಎನ್ನಿಸಿಕೊಂಡವಳು.

ಕಟ್ಟಿದ ಅಂಗಿಗಳನ್ನು ನೀರಿನಲ್ಲಿ ನೆನೆಸಿ ಹಿಂಡಿ, ಉಪ್ಪು-ಸೋಡಾ ಬೆರೆಸಿದ ಕೆಂಪುಬಣ್ಣದ ಬಾನಿಗೆ ಇಳಿಸಿದೆವು. ಆಮೇಲೆ ತೊಳೆದು ನೆರಳಿಗೆ ಹಾಕಿದೆವು. ಮಾರನೆಯ ದಿನ ನೂಲು ಬಿಚ್ಚಿದಾಗ ನನ್ನ ಅಂಗಿಯಲ್ಲಿ ಕೆಂಪು ಗಂಟುಗಳೊಳಕ್ಕೆ ನುಗ್ಗಿ, ಮಸುಕು ಕಲೆಗಳಷ್ಟೇ ಉಳಿದಿದ್ದವು. ಅವಳದರಲ್ಲಿ ಉಂಗುರ ಉಂಗುರವಾಗಿ ಬಿಳುಪು ಅರಳಿತ್ತು.

“ಇಷ್ಟು ಅಚ್ಚುಕಟ್ಟಾಗಿ ಹೇಗೆ ಕಟ್ಟಿದೆಯಮ್ಮ?” ಎಂದೆ.

“ಮನೆಯಲ್ಲಿ ದಿನಾ ಮಲ್ಲಿಗೆ ಕಟ್ತೀವಲ್ಲ ಸಾರ್,” ಎಂದಳು, ತಲೆತಗ್ಗಿಸಿ.

ಬಣ್ಣ ಸಿಕ್ಕೆಡೆಯಲ್ಲೆಲ್ಲ ಹರಿಯುವಂಥದು. ಅದಕ್ಕೆ ಎಡೆಗೊಡದೆ ಕಾಯ್ದ ತಾವೇ ಚಿತ್ತಾರ. ನನ್ನ ಮಾತಿನ ಬಣ್ಣವೂ ಅಂದು ತರಗತಿಯಲ್ಲಿ ತಡೆಯಿಲ್ಲದೆ ಹರಿದಿತ್ತು.

ಮುಂದಿನ ಛಂದಸ್ಸಿನ ಪಾಠದಲ್ಲಿ, ಅದೇ ತರಗತಿಯೆದುರು ಆ ಮಾತನ್ನು ಹಿಂದಕ್ಕೆ ಪಡೆದೆ. ಕಂದದ ಲೆಕ್ಕವನ್ನೂ ಹೂವಿನ ಲೆಕ್ಕದಲ್ಲಿಯೇ ಹೇಳಿದೆ: ಅತ್ತ ಎರಡು ಮೊಗ್ಗು, ಇತ್ತ ಎರಡು ಮೊಗ್ಗು, ಒಂದು ಗಂಟು, ನಾಲ್ಕು ಮಾತ್ರೆ, ಒಂದು ಗಣ. ಈ ಸಲ ಅವಳಿಗೆ ಒಂದು ಗಣವೂ ತಪ್ಪಲಿಲ್ಲ.