ವ್ಯಾಕರಣ ಒಂದು ಕಡೆ, ಓದು ಇನ್ನೊಂದು ಕಡೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಕನ್ನಡ ಮಾಧ್ಯಮದ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ದ್ವಿತೀಯ ಭಾಷೆಯಾಗಿದ್ದು, ಎಸ್ಸೆಸ್ಸೆಲ್ಸಿಯಲ್ಲಿ ಅದಕ್ಕೆ 80 ಅಂಕಗಳ ಲಿಖಿತ ಪರೀಕ್ಷೆಯೂ 20 ಅಂಕಗಳ ಆಂತರಿಕ ಮೌಲ್ಯಮಾಪನವೂ ನಿಗದಿಯಾಗಿವೆ. 2007-08ರಿಂದ ರಾಜ್ಯದಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿರುವುದರಿಂದ, ಎಂಟನೆಯ ತರಗತಿಗೆ ಕಾಲಿಡುವ ವಿದ್ಯಾರ್ಥಿ ಆ ಹೊತ್ತಿಗಾಗಲೇ ಏಳು ವರ್ಷ ಆ ಭಾಷೆಯ ಪಾಠ ಕೇಳಿರುತ್ತಾನೆ. ಆದರೂ ಪಠ್ಯಪುಸ್ತಕದಲ್ಲಿ ಇಲ್ಲದ ಹತ್ತು ಸಾಲಿನ ಬರಹವೊಂದನ್ನು, ಅಂದರೆ ಪರೀಕ್ಷೆಯ ಭಾಷೆಯಲ್ಲಿ ಅಪಠಿತ ಗದ್ಯವನ್ನು, ಕೈಗಿತ್ತರೆ ಬಹಳಷ್ಟು ಮಕ್ಕಳು ಅಲ್ಲಿಯೇ ನಿಂತುಬಿಡುತ್ತಾರೆ. ಇದಕ್ಕೆ ಮಕ್ಕಳ ಬುದ್ಧಿಶಕ್ತಿಯನ್ನಾಗಲಿ ಶ್ರಮವನ್ನಾಗಲಿ ದೂರುವುದು ಅನ್ಯಾಯ. ವ್ಯಾಕರಣವನ್ನು ಒಂದು ಕಡೆ ಸೂತ್ರಗಳಾಗಿ, ಓದನ್ನು ಇನ್ನೊಂದು ಕಡೆ ಬಾಯಿಪಾಠದ ಪ್ರಶ್ನೋತ್ತರಗಳಾಗಿ ಕಲಿಸುವ ಕ್ರಮವೇ ಈ ತೊಡಕಿನ ಮುಖ್ಯ ಕಾರಣ.

ಈ ನಾಲ್ಕು ತಾಲ್ಲೂಕುಗಳ ಮಕ್ಕಳು ಬರುವುದು ಕಬ್ಬು ಬೆಳೆಯುವ ಮನೆಗಳಿಂದ, ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಿಂದ, ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಲ್ಲಿ ನೆಲೆನಿಂತ ಕುಟುಂಬಗಳಿಂದ. ಮನೆಯಲ್ಲಿ ಕನ್ನಡ, ಕೆಲವೆಡೆ ಮರಾಠಿ ಅಥವಾ ಉರ್ದು ಕಿವಿಗೆ ಬೀಳುತ್ತದೆಯೇ ಹೊರತು ಇಂಗ್ಲಿಷ್ ಬೀಳುವುದಿಲ್ಲ. ಹೀಗಾಗಿ ಆ ಭಾಷೆಯ ಪೂರ್ಣ ವಾಕ್ಯಗಳು ಅವರಿಗೆ ಎದುರಾಗುವುದು ಬಹುಮಟ್ಟಿಗೆ ತರಗತಿಯಲ್ಲಿ ಮತ್ತು ಪಠ್ಯಪುಸ್ತಕದಲ್ಲಿ ಮಾತ್ರ. ಆ ಅಲ್ಪಾವಕಾಶವನ್ನು ಹೇಗೆ ಬಳಸಲಾಗುತ್ತದೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ.

ಈ ಸೀಮೆಗೆ ಇಂಗ್ಲಿಷ್ ಶಿಕ್ಷಣ ಹೊಸದಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನವಾಗಿದ್ದ, ಮುಧೋಳ ಘೋರ್ಪಡೆಯವರ ಸಂಸ್ಥಾನವಾಗಿದ್ದ ಕಾಲದಲ್ಲಿಯೇ ಇಲ್ಲಿನ ಹುಡುಗರು ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕೂಡುತ್ತಿದ್ದರು. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿ, ಅಲ್ಲಿನ ಪರಶುರಾಮಭಾವು ಹೈಸ್ಕೂಲಿನಲ್ಲಿ ಓದಿ, 1902ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದ ಗುರುದೇವ ರಾನಡೆಯವರು ಮುಂದೆ ಉಪನಿಷತ್ತುಗಳ ತತ್ತ್ವಜ್ಞಾನವನ್ನು ಕುರಿತ ತಮ್ಮ ಪ್ರಸಿದ್ಧ ಗ್ರಂಥವನ್ನು 1926ರಲ್ಲಿ ಇಂಗ್ಲಿಷಿನಲ್ಲಿಯೇ ಪ್ರಕಟಿಸಿದರು. ಆ ಕಾಲದ ಪಾಠಕ್ರಮವನ್ನು ವ್ಯಾಕರಣ-ಭಾಷಾಂತರ ವಿಧಾನವೆನ್ನುತ್ತಾರೆ: ನಿಯಮವನ್ನು ಕಂಠಪಾಠ ಮಾಡಿ, ವಾಕ್ಯವನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತಿರುಗಿಸಿ, ಎರಡನ್ನೂ ಎದುರುಬದುರು ಇಟ್ಟು ನೋಡುವುದು ಅದರ ತಿರುಳು. ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದ್ದ ಪಿ.ಸಿ. ರೆನ್ ಅವರು ಎಚ್. ಮಾರ್ಟಿನ್ ಅವರೊಡನೆ ರಚಿಸಿದ, 1930ರ ದಶಕದಿಂದ ಇಂದಿನವರೆಗೂ ಮಾರಾಟವಾಗುತ್ತಿರುವ ಹೈಸ್ಕೂಲ್ ವ್ಯಾಕರಣ ಪುಸ್ತಕವೂ ನಿಯಮ ಮೊದಲು, ಅಭ್ಯಾಸ ಆಮೇಲೆ ಎಂಬ ದಾರಿಯದೇ. ಆ ಪದ್ಧತಿ ಕೆಲವೇ ಮಂದಿ ಮೆಟ್ರಿಕ್ ಮುಟ್ಟುತ್ತಿದ್ದ ಕಾಲಕ್ಕೆ ಸಾಕಾಯಿತು. ಬಹುಪಾಲು ಮಕ್ಕಳು ಹತ್ತನೆಯ ತರಗತಿಗೆ ಬರುವ ಇಂದಿನ ಕಾಲಕ್ಕೆ ಸಾಲದು. ಆದರೆ ಎರಡು ಭಾಷೆಗಳನ್ನು ಎದುರುಬದುರು ಇಟ್ಟು ನೋಡುವ ಅದರ ಒಳ್ಳೆಯ ಅಂಶವನ್ನೂ ಈಗ ಕೈಬಿಟ್ಟಿರುವುದು ನಷ್ಟವೇ ಸರಿ.

ಓದು ಎಂಬುದು ಎರಡು ಸಾಮರ್ಥ್ಯಗಳ ಗುಣಲಬ್ಧವೆಂದು ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಪ್ರತಿಪಾದಿಸಿದರು. ಅಕ್ಷರಗಳನ್ನು ಉಚ್ಚಾರಕ್ಕೆ ತಿರುಗಿಸುವುದು ಒಂದು. ಆ ಮಾತು ಕಿವಿಗೆ ಬಿದ್ದಿದ್ದರೆ ಅರ್ಥವಾಗುತ್ತಿತ್ತೇ ಎಂಬುದು ಇನ್ನೊಂದು. ಇವೆರಡನ್ನು ಕೂಡಿಸುವುದಲ್ಲ, ಗುಣಿಸಬೇಕು. ಆದ್ದರಿಂದ ಒಂದು ಸೊನ್ನೆಯಾದರೆ ಫಲವೂ ಸೊನ್ನೆ. ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ, ತಡವರಿಸದೆ ಓದುವ ಹುಡುಗಿಯೊಬ್ಬಳು ಓದಿದ್ದರ ಅರ್ಥ ಹೇಳಲಾರದೆ ಹೋಗುವುದನ್ನು ಕಂಡ ಪಾಲಕರು ಅಚ್ಚರಿಪಡಬೇಕಾಗಿಲ್ಲ; ಅವಳಲ್ಲಿ ಮೊದಲನೆಯದು ಬೆಳೆದಿದೆ, ಎರಡನೆಯದು ಬೆಳೆದಿಲ್ಲ.

ಅರ್ಥವಾಗದ ಬರಹದಿಂದ ಅಂಕ ಗಳಿಸಲು ಮಕ್ಕಳು ತಾವೇ ಒಂದು ಉಪಾಯ ಕಂಡುಕೊಂಡಿದ್ದಾರೆ. ಪ್ರಶ್ನೆಯಲ್ಲಿರುವ ಒಂದು ಪದವನ್ನು ಗದ್ಯದಲ್ಲಿ ಹುಡುಕಿ, ಅದು ಸಿಕ್ಕ ಸಾಲನ್ನು ಇದ್ದಂತೆಯೇ ಎತ್ತಿ ಬರೆಯುವುದು ಆ ಉಪಾಯ. ಹಲವು ಸಲ ಉತ್ತರ ಸರಿಯೂ ಆಗುತ್ತದೆ, ಆದುದರಿಂದಲೇ ಅದು ಬೇರೂರಿದೆ. ಇದರ ಮಿತಿಯನ್ನು ತಿಳಿಯಲು ಕಬ್ಬಿನ ಹಂಗಾಮಿನ ಒಂದು ವಾಕ್ಯ ಸಾಕು: ‘ದ ಕೇನ್ ದಟ್ ವಾಸ್ ಕಟ್ ಆನ್ ಮಂಡೇ ರೀಚ್ಡ್ ದ ಫ್ಯಾಕ್ಟರಿ ಓನ್ಲಿ ಆನ್ ವೆಡ್ನೆಸ್‌ಡೇ, ಬಿಕಾಸ್ ದ ಟ್ರ್ಯಾಕ್ಟರ್ ಹ್ಯಾಡ್ ಬ್ರೋಕನ್ ಡೌನ್.’ ಸೋಮವಾರ ಕಡಿದ ಕಬ್ಬು, ಟ್ರ್ಯಾಕ್ಟರ್ ಕೆಟ್ಟಿದ್ದರಿಂದ, ಬುಧವಾರವಷ್ಟೇ ಕಾರ್ಖಾನೆ ಮುಟ್ಟಿತು ಎಂಬುದು ಇದರ ಅರ್ಥ. ‘ವೈ ವಾಸ್ ದ ಕೇನ್ ಲೇಟ್’ ಎಂದು ಕೇಳಿದರೆ, ‘ಲೇಟ್’ ಎಂಬ ಪದ ಗದ್ಯದಲ್ಲಿ ಎಲ್ಲಿಯೂ ಇಲ್ಲದ ಕಾರಣ ಸಾಲು ಎತ್ತುವ ವಿದ್ಯೆ ಅಲ್ಲಿಗೇ ಮುಗಿಯುತ್ತದೆ.

ಈ ಒಂದೇ ವಾಕ್ಯದಲ್ಲಿ ಪ್ರೌಢಶಾಲೆಯ ವ್ಯಾಕರಣದ ಮೂರು ಅಧ್ಯಾಯಗಳು ಅಡಗಿವೆ ಎಂಬುದನ್ನು ಗಮನಿಸಬೇಕು. ‘ದಟ್ ವಾಸ್ ಕಟ್ ಆನ್ ಮಂಡೇ’ ಎಂಬುದು ನಾಮಪದವನ್ನು ವಿವರಿಸುವ ಉಪವಾಕ್ಯ. ಕನ್ನಡದಲ್ಲಿ ಇಂಥ ವಿವರಣೆ ‘ಕಡಿದ ಕಬ್ಬು’, ‘ನಿನ್ನೆ ಬಂದ ಹುಡುಗ’ ಎಂದು ಕೃದಂತದ ರೂಪದಲ್ಲಿ ನಾಮಪದದ ಮುಂಚೆ ಬರುತ್ತದೆ. ಇಂಗ್ಲಿಷಿನಲ್ಲಿ ನಾಮಪದದ ನಂತರ ಬಂದು, ಕರ್ತೃವಿಗೂ ಅದರ ಕ್ರಿಯಾಪದಕ್ಕೂ ನಡುವೆ ಅಡ್ಡ ನಿಲ್ಲುತ್ತದೆ. ಉದ್ದನೆಯ ವಾಕ್ಯಗಳಲ್ಲಿ ಕನ್ನಡದ ಮಕ್ಕಳು ದಾರಿ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಎರಡನೆಯದು ‘ವಾಸ್ ಕಟ್’ ಎಂಬ ಕರ್ಮಣಿ ಪ್ರಯೋಗ, ಅಂದರೆ ಕೆಲಸ ಮಾಡಿದವರನ್ನು ಬಿಟ್ಟು ಕೆಲಸಕ್ಕೆ ಒಳಗಾದುದನ್ನು ಮುಂದಿಡುವ ರಚನೆ. ಮೂರನೆಯದು ‘ಹ್ಯಾಡ್ ಬ್ರೋಕನ್’ ಎಂಬ ಕಾಲರೂಪ. ಕಬ್ಬು ಮುಟ್ಟುವುದಕ್ಕೆ ಮೊದಲೇ ಟ್ರ್ಯಾಕ್ಟರ್ ಕೆಟ್ಟಿತ್ತು ಎಂಬ ಹಿಂದುಮುಂದನ್ನು ಅದು ಸೂಚಿಸುತ್ತದೆ. ಈ ಮೂರನ್ನೂ ಬೇರೆಬೇರೆ ತಿಂಗಳಲ್ಲಿ, ಬೇರೆಬೇರೆ ಬಿಡಿವಾಕ್ಯಗಳಲ್ಲಿ ಕಲಿತ ವಿದ್ಯಾರ್ಥಿಗೆ ಅವು ಅರ್ಥ ತಿಳಿಯಲು ನೆರವಾಗುತ್ತವೆ ಎಂಬ ಅರಿವೇ ಬರುವುದಿಲ್ಲ. ‘ಮೊದಲು ಆದದ್ದು ಯಾವುದು’ ಎಂದು ಶಿಕ್ಷಕರು ಕೇಳಿದರೆ, ಉತ್ತರ ಹುಡುಕಲು ಅವನು ಕಾಲರೂಪವನ್ನೇ ನೋಡಬೇಕಾಗುತ್ತದೆ. ಕಡಿದ ಕಬ್ಬು ಕಾದಷ್ಟೂ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವೆಂಬುದು ಮುಧೋಳದ ರೈತನ ಮಗಳಿಗೆ ಮೊದಲೇ ತಿಳಿದಿರುವುದರಿಂದ, ರೈತನಿಗೆ ಇದರಿಂದ ಏನಾಯಿತು ಎಂಬ, ಗದ್ಯದಲ್ಲಿ ಬರೆದಿರದ ಉತ್ತರವನ್ನೂ ಅವಳು ಊಹಿಸಬಲ್ಲಳು. ಊಹೆಯ ಪ್ರಶ್ನೆಗಳ ಅಭ್ಯಾಸ ಹೀಗೆ ಗೊತ್ತಿರುವ ಲೋಕದಿಂದ ಆರಂಭವಾದರೆ ಒಳಿತು.

ಕನ್ನಡ ಬಲ್ಲ ವಿದ್ಯಾರ್ಥಿಯಲ್ಲಿ ಆಗಲೇ ಒಂದು ಪೂರ್ಣ ವ್ಯಾಕರಣವಿದೆ. ಅವನ ತಪ್ಪುಗಳಲ್ಲಿ ಹೆಚ್ಚಿನವು ಆ ವ್ಯಾಕರಣದ ತರ್ಕವನ್ನೇ ಅನುಸರಿಸುತ್ತವೆ. ‘ಅವನು ಶಿಕ್ಷಕ’ ಎಂಬಲ್ಲಿ ಕನ್ನಡಕ್ಕೆ ಕ್ರಿಯಾಪದ ಬೇಡವಾದ್ದರಿಂದ ಅವನು ‘ಹಿ ಟೀಚರ್’ ಎಂದು ಬರೆಯುತ್ತಾನೆ. ‘ಇಂದ’ ಎಂಬ ಒಂದು ವಿಭಕ್ತಿ ಪ್ರತ್ಯಯ ಕನ್ನಡದಲ್ಲಿ ಹಲವು ಕೆಲಸ ಮಾಡುತ್ತದೆ: ಮುಧೋಳದಿಂದ ಬಂದ ಎಂಬಲ್ಲಿ ಇಂಗ್ಲಿಷಿಗೆ ‘ಫ್ರಮ್’ ಬೇಕು, ಕುಡುಗೋಲಿನಿಂದ ಕೊಯ್ದ ಎಂಬಲ್ಲಿ ‘ವಿತ್’, ಬೆಳಗಿನಿಂದ ಕಾಯುತ್ತಿದ್ದಾನೆ ಎಂಬಲ್ಲಿ ‘ಸಿನ್ಸ್’, ಎರಡು ತಾಸಿನಿಂದ ಎಂಬಲ್ಲಿ ‘ಫಾರ್’, ಮಳೆಯಿಂದ ಬೆಳೆ ಹಾಳಾಯಿತು ಎಂಬಲ್ಲಿ ‘ಬಿಕಾಸ್ ಆಫ್’. ಈ ಐದು ವಾಕ್ಯಗಳನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ‘ಇಂದ’ ಎಲ್ಲೆಲ್ಲಿ ಯಾವ ಸಂಬಂಧ ಹೇಳುತ್ತಿದೆ ಎಂದು ಮಕ್ಕಳಿಂದಲೇ ಹೇಳಿಸಿದರೆ, ಬಿಟ್ಟ ಸ್ಥಳ ತುಂಬುವ ಹತ್ತು ಪುಟಗಳಿಗಿಂತ ಹೆಚ್ಚಿನ ತಿಳಿವಳಿಕೆ ಬರುತ್ತದೆ.

ಪ್ರಶ್ನೆಪತ್ರಿಕೆಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುವ ಎರಡು ಅಂಶಗಳಿಗೂ ಇದೇ ಮಾತು ಹೊಂದುತ್ತದೆ. ಹೇಳಿಕೆಯ ಕೊನೆಗೆ ಒಪ್ಪಿಗೆ ಕೇಳುವ ಪುಟ್ಟ ಪ್ರಶ್ನೆಗೆ ಕ್ವೆಶ್ಚನ್ ಟ್ಯಾಗ್ ಎನ್ನುತ್ತಾರೆ. ಉತ್ತರ ಕರ್ನಾಟಕದ ಮಾತಿನಲ್ಲಿ ‘ಹೌದಿಲ್ಲೋ’ ಎಂಬ ಒಂದೇ ರೂಪ ಎಲ್ಲ ಹೇಳಿಕೆಗೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಹೇಳಿಕೆಯ ಕರ್ತೃ, ಸಹಾಯಕ ಕ್ರಿಯಾಪದ, ಹೌದು-ಅಲ್ಲಗಳ ಭಾವ ಮೂರನ್ನೂ ನೋಡಿ ರೂಪ ಬದಲಿಸಬೇಕು. ಇನ್ನೊಬ್ಬರ ಮಾತನ್ನು ವರದಿ ಮಾಡುವ ಪರೋಕ್ಷ ಕಥನವಂತೂ ಮಕ್ಕಳಿಗೆ ಇನ್ನೂ ಕಠಿಣ. ‘ನಾಳೆ ಬರತೇನಿ ಅಂತ ಹೇಳಿದ’ ಎಂಬಲ್ಲಿ ಕನ್ನಡವು ಆಡಿದ ಮಾತನ್ನು ಆಡಿದಂತೆಯೇ ಇಟ್ಟು ‘ಅಂತ’ ಸೇರಿಸಿ ಮುಗಿಸುತ್ತದೆ. ಇಂಗ್ಲಿಷ್ ಹಾಗೆ ಬಿಡದೆ ‘ನಾನು’ವನ್ನು ‘ಅವನು’ ಮಾಡಿ, ‘ವಿಲ್’ ಅನ್ನು ‘ವುಡ್’ ಮಾಡಿ, ‘ಟುಮಾರೋ’ವನ್ನು ‘ದ ನೆಕ್ಸ್ಟ್ ಡೇ’ ಮಾಡುತ್ತದೆ, ಏಕೆಂದರೆ ಅಲ್ಲಿ ಎಲ್ಲವನ್ನೂ ವರದಿಗಾರನ ನೆಲೆಯಿಂದ ನೋಡಲಾಗುತ್ತದೆ. ಈ ಕಾರಣ ತಿಳಿದವನಿಗೆ ಬದಲಾವಣೆಗಳ ಪಟ್ಟಿಯನ್ನು ಉರುಹೊಡೆಯುವ ಅಗತ್ಯ ಬಹಳ ಕಡಿಮೆ.

ಅರ್ಥದ ಮೂಲಕವೇ ವ್ಯಾಕರಣ ಕೈಗೂಡಬಲ್ಲದೇ ಎಂಬ ಪ್ರಶ್ನೆಯನ್ನು ಜಗತ್ತಿನ ಗಮನ ಸೆಳೆಯುವಂತೆ ಪರೀಕ್ಷಿಸಿದ್ದು ದಕ್ಷಿಣ ಭಾರತದ ಶಾಲೆಗಳಲ್ಲಿ, ಅದೂ ಬೆಂಗಳೂರಿನ ಹೆಸರಿನಲ್ಲಿ ಎಂಬುದು ನಮ್ಮ ಶಿಕ್ಷಕರಲ್ಲೇ ಹಲವರಿಗೆ ತಿಳಿಯದ ಸಂಗತಿ. 1963ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನೆರವಿನಿಂದ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮೊದಲಾದೆಡೆಯ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಆ ಪ್ರಯೋಗ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಪ್ರಸಿದ್ಧವಾಗಿದೆ. ಅಲ್ಲಿ ವ್ಯಾಕರಣದ ನಿಯಮಗಳನ್ನು ನೇರವಾಗಿ ಕಲಿಸಲಿಲ್ಲ. ರೈಲಿನ ವೇಳಾಪಟ್ಟಿ, ನಕಾಶೆಗಳಂಥ ಸಾಮಗ್ರಿಗಳನ್ನು ಕೊಟ್ಟು, ಮೊದಲು ಇಡೀ ತರಗತಿಯೊಡನೆ ಒಂದು ಸಮಸ್ಯೆಯನ್ನು ಇಂಗ್ಲಿಷಿನಲ್ಲಿಯೇ ಬಿಡಿಸಿ, ಬಳಿಕ ಅಂಥದೇ ಇನ್ನೊಂದನ್ನು ಪ್ರತಿಯೊಬ್ಬ ವಿದ್ಯಾರ್ಥಿ ತಾನೇ ಬಿಡಿಸುವಂತೆ ಮಾಡಲಾಯಿತು. ನಂತರ ಬೆರೆಟ್ಟಾ ಮತ್ತು ಡೇವಿಸ್ ಎಂಬ ಸಂಶೋಧಕರು ನಡೆಸಿದ ಮೌಲ್ಯಮಾಪನದಲ್ಲಿ, ಬಿಡಿ ರಚನೆಗಳ ಪರೀಕ್ಷೆಯಲ್ಲಿ ಹಳೆಯ ಕ್ರಮದ ಮಕ್ಕಳು ಮುಂದಿದ್ದರೆ, ಹೊಸ ಸನ್ನಿವೇಶದಲ್ಲಿ ಭಾಷೆಯನ್ನು ಬಳಸಬೇಕಾದ ಪರೀಕ್ಷೆಗಳಲ್ಲಿ ಪ್ರಯೋಗದ ಮಕ್ಕಳು ಮುಂದಿದ್ದರು. ಪ್ರಭು ಅವರು 1987ರಲ್ಲಿ ಈ ಅನುಭವವನ್ನು ಗ್ರಂಥವಾಗಿ ಹೊರತಂದರು. ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ಕಾರ್ಯಾಧಾರಿತ ಭಾಷಾಬೋಧನೆಯ ಮೂಲಗಳಲ್ಲಿ ಅದೂ ಒಂದು.

ಪ್ರಭು ಅವರಂತೆ ವ್ಯಾಕರಣವನ್ನು ಪೂರ್ತಿ ಬದಿಗಿಡುವುದು ವಾರಕ್ಕೆ ಕೆಲವೇ ಇಂಗ್ಲಿಷ್ ಅವಧಿಗಳಿರುವ, ಕೊನೆಗೆ ಲಿಖಿತ ಪರೀಕ್ಷೆಯನ್ನೇ ಎದುರಿಸಬೇಕಾದ ಶಾಲೆಗಳಿಗೆ ಹೊಂದಲಾರದು. ಆದರೆ ಅವರ ದಾರಿಯ ಅರ್ಧವನ್ನಾದರೂ ಅಳವಡಿಸಿಕೊಳ್ಳಬಹುದು. ಜಮಖಂಡಿ ಬಸ್ ನಿಲ್ದಾಣದಿಂದ ಮುಧೋಳ, ಬನಹಟ್ಟಿ, ಬೀಳಗಿ ಕಡೆಗೆ ಹೊರಡುವ ಬಸ್ಸುಗಳ ವೇಳಾಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆದು, ಬೆಳಗಿನ ಮೊದಲ ಬಸ್ಸು ತಪ್ಪಿದರೆ ಹತ್ತು ಗಂಟೆಯ ಪರೀಕ್ಷೆಗೆ ಮುಟ್ಟಬಹುದೇ ಎಂದು ಕೇಳಿದರೆ, ಓದಿನ ಅಭ್ಯಾಸವೂ ‘ಇಫ್’ನಿಂದ ಆರಂಭವಾಗುವ ಷರತ್ತಿನ ವಾಕ್ಯದ ಅಭ್ಯಾಸವೂ ಒಟ್ಟಿಗೆ ಆಗುತ್ತವೆ. ಮಗ್ಗದ ಮನೆಯ ಮಕ್ಕಳಿರುವ ಶಾಲೆಯಲ್ಲಿ ನೂಲಿಗೆ ಬಣ್ಣ ಹಾಕುವುದರಿಂದ ಸೀರೆ ಮಡಚುವವರೆಗಿನ ಕೆಲಸಗಳನ್ನು ಇಂಗ್ಲಿಷಿನಲ್ಲಿ ಕ್ರಮವಾಗಿ ಬರೆಸಿದರೆ ಕರ್ಮಣಿ ಪ್ರಯೋಗ ತಾನಾಗಿಯೇ ಬೇಕಾಗುತ್ತದೆ, ಏಕೆಂದರೆ ಅಲ್ಲಿ ಯಾರು ಮಾಡಿದರು ಎನ್ನುವುದಕ್ಕಿಂತ ಏನಾಯಿತು ಎನ್ನುವುದೇ ಮುಖ್ಯ.

ಪದಸಂಪತ್ತಿನ ಮಾತೊಂದು ಉಳಿದಿದೆ. ಬ್ರಿಟಿಷ್ ಆಡಳಿತದ ಕಾಲದಲ್ಲಿ ಬಂಗಾಳದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಮೈಕೇಲ್ ವೆಸ್ಟ್ ಅವರು, ಭಾರತೀಯ ಮಕ್ಕಳಿಗೆ ಮೊದಲು ಬೇಕಾದುದು ಇಂಗ್ಲಿಷ್ ಓದುವ ಶಕ್ತಿಯೆಂದು ವಾದಿಸಿ, ಸೀಮಿತ ಪದಗಳಲ್ಲಿ ವಾಚನ ಪುಸ್ತಕಗಳನ್ನು ರಚಿಸಿದರು. 1953ರಲ್ಲಿ ಅವರು ಪ್ರಕಟಿಸಿದ ಪಟ್ಟಿಯಲ್ಲಿ ಅತ್ಯಂತ ಉಪಯುಕ್ತವಾದ ಸುಮಾರು 2,000 ಪದಗಳಿದ್ದವು. ನೆರವಿಲ್ಲದೆ ಸಲೀಸಾಗಿ ಓದಲು ನೂರು ಪದಗಳಲ್ಲಿ ಸುಮಾರು 98 ಪದಗಳಾದರೂ ಗೊತ್ತಿರಬೇಕೆಂದು ನಂತರದ ಸಂಶೋಧನೆ ಸೂಚಿಸಿದೆ. ಸಾಲಿಗೆ ಮೂರು ಹೊಸ ಪದಗಳಿರುವ ಗದ್ಯವನ್ನು ಕೊಟ್ಟು ಅಭ್ಯಾಸ ಮಾಡಿಸಿದರೆ ಅದು ಓದಿನ ಅಭ್ಯಾಸವಾಗದೆ ನಿಘಂಟಿನ ಅಭ್ಯಾಸವಾಗುತ್ತದೆ. ಹತ್ತನೆಯ ತರಗತಿಯ ವಿದ್ಯಾರ್ಥಿಗೆ ಐದನೆಯ ತರಗತಿಯ ಮಟ್ಟದ ಇಂಗ್ಲಿಷ್ ಕತೆ ಕೊಡುವುದರಲ್ಲಿ ಅವಮಾನವೇನೂ ಇಲ್ಲ. ಅವನು ಅದನ್ನು ಕೊನೆಯವರೆಗೆ ತಾನೇ ಓದಿ ಮುಗಿಸುತ್ತಾನೆ ಎಂಬುದೇ ಅದರ ಬೆಲೆ.

ಪರೀಕ್ಷೆ ಹತ್ತಿರ ಬಂದಾಗ ಶಾಲೆಗಳು ಹಂಚುವ ‘ಪಾಸಿಂಗ್ ಪ್ಯಾಕೇಜ್’, ಅಂದರೆ ತೇರ್ಗಡೆಗೆ ಬೇಕಾದಷ್ಟೇ ಪ್ರಶ್ನೋತ್ತರಗಳ ಕಿರುಹೊತ್ತಗೆ, ಹಿಂದುಳಿದ ಮಗುವಿಗೆ ಒಂದು ವರ್ಷ ಉಳಿಸಿಕೊಡುತ್ತದೆ. ಅದನ್ನು ಹಳಿಯುವುದು ಸಲ್ಲದು. ಆದರೆ ಪಿಯುಸಿಯಲ್ಲಿ ವಿಜ್ಞಾನವನ್ನೋ ವಾಣಿಜ್ಯವನ್ನೋ ಇಂಗ್ಲಿಷಿನಲ್ಲಿ ಓದಬೇಕಾಗಿ ಬಂದಾಗ ಆ ಹೊತ್ತಗೆ ಅವನ ನೆರವಿಗೆ ಬಾರದು. ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಮುಖ್ಯೋಪಾಧ್ಯಾಯರು ಹತ್ತನೆಯ ತರಗತಿಯ ಜನವರಿಯವರೆಗೆ ಕಾಯದೆ, ಎಂಟನೆಯ ತರಗತಿಯ ಸೇತುಬಂಧದ, ಅಂದರೆ ವರ್ಷಾರಂಭದ ಪುನರಾವರ್ತನೆಯ, ದಿನಗಳಲ್ಲಿಯೇ ಶಾಲಾ ಗ್ರಂಥಾಲಯದ ಬೀರುವಿನಲ್ಲಿರುವ ಸರಳ ಇಂಗ್ಲಿಷ್ ಕತೆ ಪುಸ್ತಕಗಳನ್ನು ಮಕ್ಕಳ ಕೈಗೆ ಕೊಡಬೇಕು. ಪಾಲಕರು ವಾರಕ್ಕೊಮ್ಮೆಯಾದರೂ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಓದಿದ ಕತೆಯನ್ನು ಕನ್ನಡದಲ್ಲಿ ಹೇಳಿಸಿ ಕೇಳಬೇಕು. ಅದಕ್ಕೆ ಪಾಲಕರಿಗೆ ಇಂಗ್ಲಿಷ್ ಬರಬೇಕಾಗಿಲ್ಲ.